ಡ್ರಮ್ ನನ್ನದು, ಮುಚ್ಚಳ ಅವಳದು

ಜೂನ್ 4

ನೀರು ಬಂತು. ಡ್ರಮ್ ತುಂಬಿಸಿ ಬಾಯಿ ತೆರೆದೇ ಇಟ್ಟೆ. ಮುಚ್ಚಳ ಗೋಡೆಯಾಚೆ ಇದೆಯಲ್ಲ! ಮನೆ ಪಾಲಾದ ದಿನ ಅಣ್ಣತಮ್ಮಂದಿರು ಗೋಡೆ ಎಲ್ಲಿ ಏಳಬೇಕೆಂದು ಹಗ್ಗ ಹಿಡಿದು ನಿಂತಿದ್ದರೆ, ನಾನೂ ಓರಗಿತ್ತಿಯೂ ಈ ಡ್ರಮ್ಮಿಗೆ ಜೋತುಬಿದ್ದಿದ್ದೆವು. ಡ್ರಮ್ ನನ್ನ ಕೈಯಲ್ಲಿ ಉಳಿಯಿತು, ಮುಚ್ಚಳ ಅವಳ ಕೈಯಲ್ಲಿ. ಅಂದಿನಿಂದ ಮಾತಿಲ್ಲ. ಮುಚ್ಚಳವನ್ನು ಅಂಗಾತ ಹಾಕಿ ಮೇಲೆ ಗುಲಾಬಿ ಕುಂಡ ಇಟ್ಟಿದ್ದಾಳೆ, ನನಗೆ ಕಾಣುವ ಹಾಗೆ. ಹೊಟ್ಟೆ ಉರಿಸುವುದಕ್ಕೆ.

ಜೂನ್ 9

ಗೋಡೆಯಾಚೆಯ ಮಹಾರಾಯಿತಿಗೆ ಕೆಲಸ ಸಿಕ್ಕಿದೆ. ಆರೋಗ್ಯ ಇಲಾಖೆಯಲ್ಲಿ, ಮಳೆಗಾಲ ಮುಗಿಯುವವರೆಗೆ. ನೀಲಿ ಕೋಟು, ಟಾರ್ಚು, ಜೇಬಲ್ಲಿ ಸೀಮೆಸುಣ್ಣ. ಮನೆಮನೆಗೆ ಹೋಗಿ ಡೆಂಗ್ಯೂ ಬಗ್ಗೆ ಬುದ್ಧಿ ಹೇಳುವುದು. ಅವಳ ಪಾಲಿಗೆ ನಮ್ಮ ಬೀದಿಯೇ ಬಂದಿದೆ. ಬಂದು ನಿಂತಳು. ಮಾತು ಬಿಟ್ಟವಳಿಗೆ ಹೇಳುವುದು ಹೇಗೆ? ಗೇಟಿಗೇ ಹೇಳಿದಳು.

"ಗೇಟೇ, ಈ ಮನೆಯವ್ರಿಗೆ ಹೇಳು. ಡ್ರಮ್ ಮುಚ್ಚಿಡ್ಬೇಕು. ವಾರಕ್ಕೊಂದ್ಸಲ ಖಾಲಿ ಮಾಡಿ ಉಜ್ಜಿ ತೊಳೀಬೇಕು."

ನಾನು ಬಿಡುತ್ತೇನೆಯೇ? "ಗೇಟೇ, ಮುಚ್ಚಳ ಕದ್ದೋರೇ ಮುಚ್ಚಿ ಅಂತಾರಲ್ಲ, ನಾಚಿಕೆ ಆಗಲ್ವಾ ಅಂತ ಕೇಳು."

ಹೋಗುವಾಗ ನಮ್ಮ ಗೋಡೆಯ ಮೇಲೆ ಬರೆದಳು — ಡ್ರಮ್ ಮುಚ್ಚಿಲ್ಲ. ಬೀದಿಗೆಲ್ಲ ಕಾಣುವಷ್ಟು ದಪ್ಪಗೆ. ಒದ್ದೆ ಬಟ್ಟೆ ತಂದು ಒರೆಸಿದೆ.

ಜೂನ್ 16

ಮತ್ತೆ ಬಂದಳು. ಮತ್ತೆ ಬರೆದಳು. ಮತ್ತೆ ಒರೆಸಿದೆ.

"ಒಂದು ಹಲಗೆ ಮುಚ್ಚಿಬಿಡೇ, ತಲೆನೋವು ಹೋಗತ್ತೆ" ಅಂದರು ನಮ್ಮವರು. ಹಲಗೆ ಮುಚ್ಚಿದರೆ ನಾನು ಸೋತ ಹಾಗೆ. ಅವಳಾಗಿ ತಂದು ಮುಚ್ಚಲಿ.

ಅವಳ ಮಗಳು ಪುಟ್ಟಿಗೆ ಮಾತ್ರ ಈ ಗೋಡೆ ಲೆಕ್ಕಕ್ಕಿಲ್ಲ. ಸಂಜೆಯಾದರೆ ಈ ಕಡೆಯೇ. "ದೊಡ್ಡಮ್ಮಾ, ಡ್ರಮ್ಮಲ್ಲಿ ಏನೋ ಕುಣೀತಿದೆ!" ಇಣುಕಿದೆ. ದಾರದ ಚೂರಿನಂಥ ಹುಳುಗಳು, ಕೊಂಕಿಕೊಂಡು ಮೇಲೆ ಕೆಳಗೆ. ಮುಚ್ಚಳ ಇದ್ದಿದ್ದರೆ ಬರುತ್ತಿದ್ದವೇ? ಅವಳನ್ನೇ ಕೇಳಬೇಕು.

ಜೂನ್ 21

ಪುಟ್ಟಿ ಬರಲಿಲ್ಲ. ತಾಯಿ ತಡೆದಿರಬೇಕು. ಮಗುವಿನ ಮೇಲೂ ಸೇಡು!

ಜೂನ್ 24

ಪುಟ್ಟಿಗೆ ಡೆಂಗ್ಯೂ. ಆಸ್ಪತ್ರೆಗೆ ಸೇರಿಸಿದ್ದಾರೆ. ಹೇಳಿದ್ದು ಮೂಲೆ ಅಂಗಡಿಯವನು. ನಾನು ದೊಡ್ಡಮ್ಮ, ಅಂಗಡಿಯವನ ಬಾಯಿಂದ ತಿಳಿಯಬೇಕು... ಪ್ಲೇಟ್‌ಲೆಟ್ ಇಳಿಯುತ್ತಲೇ ಇದೆಯಂತೆ.

ಮನೆಗೆ ಬಂದವಳೇ ಡ್ರಮ್ ಉರುಳಿಸಿದೆ. ಅಂಗಳದ ತುಂಬ ಹುಳು. ಚಪ್ಪಲಿಯಲ್ಲಿ ತುಳಿದೆ. ತುಳಿಯುತ್ತ ಅತ್ತೆ. ಹಟಕ್ಕೆ ಬಿದ್ದು ನಾನೇ ಸಾಕಿದ್ದು ಈ ಸೊಳ್ಳೆಮರಿಗಳನ್ನು.

ಜೂನ್ 25, ಬೆಳಿಗ್ಗೆ

ಆ ಮನೆಗೆ ಬೀಗ. ಗೋಡೆ ಹತ್ತಿ ಇಳಿದೆ, ಈ ವಯಸ್ಸಿನಲ್ಲಿ, ಮೊಣಕಾಲು ತರಚಿಕೊಂಡು. ಮುಚ್ಚಳ ತಂದು ಮುಚ್ಚಿಯೇ ಸಿದ್ಧ ಎಂದು. ಕುಂಡ ಎತ್ತಿದೆ. ಅಂಗಾತ ಬಿದ್ದ ಮುಚ್ಚಳದ ತುಂಬ ಮಳೆನೀರು. ಅದರೊಳಗೂ ಅವೇ ಹುಳು! ನನ್ನ ಡ್ರಮ್ಮಿನವುಗಳ ಅಣ್ಣತಮ್ಮಂದಿರು.

ನೀಲಿ ಕೋಟಿನವಳ ಅಂಗಳದಲ್ಲೇ! ಊರವರ ಮನೆಗೆಲ್ಲ ಟಾರ್ಚು ಬಿಟ್ಟವಳು ತನ್ನ ಕುಂಡದ ಕೆಳಗೆ ನೋಡಲಿಲ್ಲ. ಎಷ್ಟು ಖುಷಿಯಾಯಿತು ನನಗೆ, ಥೂ. ಸೀಮೆಸುಣ್ಣ ಎಲ್ಲಿದೆ? ಅವಳ ಗೋಡೆಯ ಮೇಲೂ ಬರೆಯುತ್ತೇನೆ. ಬರಲಿ.

ಮಧ್ಯಾಹ್ನ

ಬರೆಯಲಿಲ್ಲ. ನೀರು ಚೆಲ್ಲಿ, ಮುಚ್ಚಳ ಉಜ್ಜಿ ಡ್ರಮ್ಮಿಗೆ ಮುಚ್ಚಿದೆ.

ಪುಟ್ಟಿಯ ಬಟ್ಟೆ ಒಯ್ಯಲು ಬಂದಳು. ಕೋಟಿಲ್ಲ. ನಿದ್ದೆಗೆಟ್ಟ ಕಣ್ಣು. ನಮ್ಮ ಅಂಗಳದಲ್ಲಿ ಮುಚ್ಚಳ ಕಂಡು ನಿಂತುಬಿಟ್ಟಳು. ಬಣ್ಣವೇ ಇಳಿದುಹೋಯಿತು ಮುಖದಲ್ಲಿ. ಸರಳು ಹಿಡಿದು ಗೇಟಿಗೇ ಕೇಳಿದಳು.

"ಅದ್ರಲ್ಲಿ... ನೀರಿತ್ತಾ? ಹುಳ ಇತ್ತಾ?"

ನಾಲಿಗೆಯ ತುದಿಯಲ್ಲಿತ್ತು.

"ಇಲ್ಲ ಕಣೆ, ಒಣಗಿತ್ತು," ಅಂದೆ. "ನನ್ನ ಡ್ರಮ್ಮಲ್ಲೇ ಇದ್ದಿದ್ದು. ರಾಶಿ."

ಆಗ ತಲೆಯೆತ್ತಿ ನೋಡಿದಳು. ಗೇಟನ್ನಲ್ಲ, ನನ್ನನ್ನು.

"ನನ್ನ ಮಗೂಗೆ ಏನಾದ್ರೂ ಆಗ್ಲಿ, ನಿಮ್ಮನ್ನ ಸುಮ್ನೆ ಬಿಡಲ್ಲ ನಾನು. ಹಾಳಾಗಿ ಹೋಗ್ತೀರ!"

ಇನ್ನೂ ಏನೇನೋ ಅಂದಳು. ಬೀದಿಯವರು ಬಾಗಿಲಿಗೆ ಬಂದು ನಿಂತರು. ನಾನು ಒಳಗೆ ಬಂದು ಕೂತೆ.

ಹೊರಗೆ ಸೀಮೆಸುಣ್ಣದ ಸದ್ದು, ಮನೆಯೊಳಗಿಂದ ತಂದಿರಬೇಕು. ನಮ್ಮ ಗೋಡೆಯ ಮೇಲೆ ಬರೆಯುತ್ತಿದ್ದಾಳೆ. ಬರೆಯಲಿ, ಎಷ್ಟು ದಪ್ಪಗೆ ಬೇಕೋ ಅಷ್ಟು. ಈ ಸಲ ಒದ್ದೆ ಬಟ್ಟೆ ತರುವುದಿಲ್ಲ.