ಸುಣ್ಣ ಎಷ್ಟು?

ಸವಣೂರು
೧೪ ಆಗಸ್ಟ್ ೨೦೨೪

ಪ್ರೀತಿಯ ಅಪ್ಪಾ,

ಮೊಣಕಾಲು ಹೇಗಿದೆ? ಮೆಟ್ಟಿಲು ಹತ್ತಬೇಡ ಎಂದು ಡಾಕ್ಟರು ಹೇಳಿದ್ದು ಕೇಳಿಸಲಿಲ್ಲ ಎಂಬ ನೆಪ ಬೇಡ, ಚೀಟಿಯಲ್ಲಿ ಬರೆದೇ ಕೊಟ್ಟಿದ್ದಾರೆ. ಫೋನಿನಲ್ಲಿ ನಾನು ಎಷ್ಟು ಕೂಗಿದರೂ ನಿನಗೆ ಅರ್ಧ ಮಾತು ಮುಟ್ಟುತ್ತದೆ, ಉಳಿದರ್ಧ ನೀನೇ ಸೇರಿಸಿಕೊಳ್ಳುತ್ತೀ. ಈ ಸುದ್ದಿಯ ಒಂದಕ್ಷರವೂ ನಿನಗೆ ತಪ್ಪಬಾರದು, ಅದಕ್ಕೇ ಈ ಕಾಗದ. ಮಹಮ್ಮದಗೌಸ ಕಾಕಾ ಇಂದು ಹಿರೇಕೆರೂರಿಗೆ, ಅಕ್ಕನ ಮನೆಯ ಕಡೆಗೇ ಹೊರಟಿದ್ದಾರೆ. ಅವರ ಕೈಯಲ್ಲಿ ಕುರುಕಲು ಖಾರದ ಪೊಟ್ಟಣವನ್ನೂ ಕಳಿಸಿದ್ದೇನೆ, ಅಕ್ಕನ ಮಕ್ಕಳಿಗೆ ಸ್ವಲ್ಪವಾದರೂ ಉಳಿಸು.

ಅಪ್ಪಾ, ನಿನ್ನೆ ನಾನು ಹುಲಗೇಶನ ಮೇಲೆ ಸೇಡು ತೀರಿಸಿಕೊಂಡೆ. ಒಂಬತ್ತು ವರ್ಷದ ಹಿಂದಿನ ಶಿಗ್ಗಾಂವಿಯ ಸಭೆಯನ್ನು ಮರೆತಿದ್ದೇನೆ ಎನ್ನುತ್ತೀಯಲ್ಲ, ನಾನು ಮರೆತಿಲ್ಲ. ಎಲೆಬಳ್ಳಿಯ ಬುಡ ಕೊಳೆಯುವ ರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿ ಹಾಕುವ ಬಗೆಯನ್ನು ಹೇಳು ಎಂದು ನಿನ್ನನ್ನು ವೇದಿಕೆ ಹತ್ತಿಸಿದ್ದರು. ಚೆನ್ನಾಗಿಯೇ ಹೇಳುತ್ತಿದ್ದೆ. ಔಷಧ ಅಂಗಡಿಯ ಹುಲಗೇಶ ಹಿಂದಿನ ಸಾಲಿನಿಂದ ಬೇಕಂತಲೇ ಸಣ್ಣ ದನಿಯಲ್ಲಿ ಉದ್ದನೆಯ ಪ್ರಶ್ನೆ ಎಸೆದ. ನಿನ್ನ ಕಿವಿಗೆ ಬಿದ್ದದ್ದು "ಸುಣ್ಣ ಎಷ್ಟು" ಎಂಬೆರಡೇ ಮಾತು. ಕೈಯಲ್ಲಿ ಎಲೆ ಅಡಿಕೆಯ ಚಂಚಿ ಇತ್ತು. ತಿನ್ನುವ ಎಲೆಗೆ ಕೇಳುತ್ತಿದ್ದಾನೆ ಎಂದುಕೊಂಡು ನೀನು ನಗುತ್ತಾ "ಬೆರಳ ತುದೀಲೆ ಸವರಿದ್ರ ಸಾಕ್ರಿ" ಅಂದೆ. ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಅಂದಿನಿಂದ ನೀನು ಬೆರಳಸುಣ್ಣದ ಗೋಣೆಪ್ಪ. ಆಮೇಲೆ ನೀನು ಯಾವ ಸಭೆಗೂ ಹೋಗಲಿಲ್ಲ.

ನಿನ್ನೆ ಬೆಳೆಗಾರರ ಸಂಘದ ಪರವಾಗಿ ಅದೇ ವಿಷಯವನ್ನು ನಾನು ಪರದೆಯ ಮೇಲೆ ತೋರಿಸಿ ಹೇಳಿದೆ. ತರಬೇತಿಯಲ್ಲಿ ನಮಗೊಂದು ಪಾಠ ಹೇಳಿದ್ದರು: ಯಾರೇ ಪ್ರಶ್ನೆ ಕೇಳಲಿ, ಆಕ್ಷೇಪ ಎತ್ತಲಿ, ಸಿಟ್ಟಾಗಬೇಡಿ, ಮೊದಲು ಅದನ್ನು ಎಲ್ಲರಿಗೂ ಕೇಳುವಂತೆ ಮೈಕಿನಲ್ಲಿ ಮತ್ತೊಮ್ಮೆ ಹೇಳಿ, ಆಮೇಲೆ ಉತ್ತರ ಕೊಡಿ. ಅವತ್ತು ಯಾರಾದರೊಬ್ಬರು ನಿನಗೆ ಹಾಗೆ ಮಾಡಿದ್ದರೆ ಎಂದು ನೆನೆದು ತರಬೇತಿಯಲ್ಲೇ ಕಣ್ಣು ತುಂಬಿತ್ತು. ಪಕ್ಕದ ತೋಟದ ರೋಶನಬಿ, ಔಷಧ ಹಾಕಿದ ಮೇಲೆ ಮಳೆ ಬಂದರೆ ಏನು ಮಾಡಬೇಕು ಎಂದು ಕೇಳಿದರು. ಪಾಠದ ಪ್ರಕಾರವೇ ಉತ್ತರಿಸಿದೆ. ಆಗ ಮೊದಲ ಸಾಲಿನಲ್ಲಿದ್ದ ಹುಲಗೇಶ ಎದ್ದ. ವಯಸ್ಸಾಗಿ ಅವನ ದನಿ ನಿಜವಾಗಿಯೂ ಸಣ್ಣದಾಗಿದೆ. "ಮಂಜವ್ವಾ, ಪರದೆ ಮ್ಯಾಲೆ ಸುಣ್ಣ ಎಷ್ಟು ಬರದೀ ನೋಡವಾ, ಅಷ್ಟ ಹಾಕಿದ್ರ ಬೇರು ಸುಡತಾವ" ಅಂದ. ಮುಂದೆ ನಿಂತ ನನಗಷ್ಟೇ ಕೇಳಿಸಿತು. ನಾನು ಮೈಕು ಬಾಯಿಗೆ ಹಿಡಿದು, "ಹುಲಗೇಶಣ್ಣಾರು ಕೇಳಾಕತ್ತಾರ, ಸುಣ್ಣ ಎಷ್ಟು ಅಂತ" ಎಂದೆ. ಅಷ್ಟೇ. ಆಮೇಲೆ ನಗುತ್ತಾ, "ಬೆರಳ ತುದೀಲೆ ಸವರಿದ್ರ ಸಾಕ್ರಿ" ಎಂದೆ. ಅಪ್ಪಾ, ಆ ನಗು ನಿನಗೂ ಕೇಳಿಸುತ್ತಿತ್ತು! ಅವನು ಮತ್ತೆ ಏನೋ ಹೇಳಲು ಹೋದ, ಕೈ ಆಡಿಸಿದ, ಯಾರೂ ಕಿವಿಗೊಡಲಿಲ್ಲ. ಟವೆಲಿನಿಂದ ಮುಖ ಒರೆಸಿಕೊಂಡು ಚಹಾ ಕೂಡ ಕುಡಿಯದೆ ಹೋದ. ನಾನು ಎರಡು ಕಪ್ಪು ಕುಡಿದೆ.

ಅಕ್ಕ, ಮಾವನಿಗೆ ನಮಸ್ಕಾರ, ಮಕ್ಕಳಿಗೆ ಮುದ್ದು. ನೀನು ಬೇಗ ಓಡಾಡುವಂತಾಗು. ಮುಂದಿನ ಸಭೆಯಲ್ಲಿ ನಿನ್ನನ್ನು ಮೊದಲ ಸಾಲಿನಲ್ಲೇ ಕೂರಿಸುತ್ತೇನೆ.

ನಿನ್ನ ಮಗಳು,
ಮಂಜುಳಾ

ತಾ.ಕ.: ಗೌಸ ಕಾಕಾ ಗಾಡಿ ಶುರು ಮಾಡಿಕೊಂಡು ಬಾಗಿಲಲ್ಲೇ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಸಭೆಯಿಂದ ಬಂದು ಆ ದ್ರಾವಣ ಕಲಸಿ, ನೀನು ಕಲಿಸಿದಂತೆ ಕುಡುಗೋಲು ಅದ್ದಿ ನೋಡಿದೆ. ಅಲಗು ಕೆಂಪಾಯಿತು, ಸುಣ್ಣ ಸಾಲದೆ ಬೇರು ಸುಡುವ ಗುರುತು. ಒಂದು ಕಿಲೋ ಮೈಲುತುತ್ತಕ್ಕೆ ಒಂದು ಕಿಲೋ ಸುಣ್ಣ ಎನ್ನಬೇಕಾದಲ್ಲಿ ಪರದೆಯ ಮೇಲೆ ಅರ್ಧ ಕಿಲೋ ಎಂದು ಬರೆದಿದ್ದೆ. ಹುಲಗೇಶ ಹೇಳಿದ್ದೇ ಸರಿ. ಕೂಡಲೇ ಸಭೆಗೆ ಬಂದಿದ್ದ ಹತ್ತೊಂಬತ್ತು ತೋಟದವರಿಗೂ ಫೋನ್ ಮಾಡಿ ತಿದ್ದಿದೆ, ಪುಣ್ಯಕ್ಕೆ ಯಾರೂ ಇನ್ನೂ ಹಾಕಿರಲಿಲ್ಲ. ಆದರೆ ತಪ್ಪು ಹಿಡಿದವರು ಯಾರು ಎಂದು ಅವರು ಕೇಳಿದಾಗ ಅವನ ಹೆಸರು ನನ್ನ ಬಾಯಿಗೆ ಬರಲಿಲ್ಲ. "ನಮ್ಮಪ್ಪ" ಅಂದುಬಿಟ್ಟೆ. ಇನ್ನು ಎಲ್ಲರೂ ನಿನಗೇ ಫೋನ್ ಮಾಡುತ್ತಾರೆ, ಹುಲಗೇಶನೂ ಮಾಡಬಹುದು. ಏನು ಕೇಳಿದರೆಂದು ಕೇಳಿಸದಿದ್ದರೂ ಚಿಂತೆಯಿಲ್ಲ, ಒಂದು ಕಿಲೋ ಅನ್ನು.