ರೈಲಿನಲ್ಲಿ ಬಿಚ್ಚಿದ ರೊಟ್ಟಿ

ನಿನ್ನೆ ಫೋನಲ್ಲಿ ಏನೂ ಹೇಳಲಿಲ್ಲ ಪುಟ್ಟಕ್ಕ, ಕಣ್ಣಾರೆ ನೋಡಿ ಹೇಳಾಣ ಅಂತ. ಮಗಳು ಚೌಡೇಶ್ವರಿ ಜರ್ಮನಿಯಲ್ಲಿ ಒಂಟಿಯಾಗಿದ್ರೆ ಓದು ಬಿಡಿಸಿ ಕರ್ಕೊಂಡು ಬಾ ಅಂದಿದ್ದೆಯಲ್ಲ. ಇವತ್ತು ಭಾನುವಾರ, ಇವಳು ಒಂದು ಕೋಟೆ ತೋರಿಸ್ತೀನಿ ಅಂತ ರೈಲು ಹತ್ತಿಸಿದಳು. ಕೋಟೆ ಚೆನ್ನಾಗೈತೆ, ನಮ್ಮ ದುರ್ಗದ ಮುಂದೆ ಕೂಸು. ಹೋಗೋವಾಗ ರೈಲಲ್ಲಿ ನಿನ್ನ ಕಡಕ್ ರೊಟ್ಟಿ ಬಿಚ್ಚಿದೆ. ಎದುರಿಗೆ ಒಂದು ಅಜ್ಜಿ ಕೂತಿತ್ತು, ಕರೆಯದೆ ಹೆಂಗೆ ತಿನ್ನಾದು? ಕಾಲೇಜಿನ ಇಂಗ್ಲಿಷ್ ನೆನಪಾದಷ್ಟು ಸೇರಿಸಿ, "ಮೇಡಂ, ಪ್ಲೀಸ್ ಕಮ್, ಟೇಕ್ ಮೀಲ್ಸ್" ಅಂದೆ.

"ಅಪ್ಪಾ, ಇಲ್ಲಿ ಹಂಗೆಲ್ಲ ಕರೆಯಲ್ಲ, ಸುಮ್ನೆ ತಿನ್ನು" ಅಂತ ಇವಳು ತಲೆ ತಗ್ಗಿಸಿದಳು.

ಅಜ್ಜಿ ಬಂದು ಪಕ್ಕದಲ್ಲೇ ಕೂತಿತು. ಶೇಂಗಾ ಚಟ್ನಿ ಖಾರಕ್ಕೆ ಮೂಗು ಒರೆಸ್ಕೊಂತ, ಇಳಿಯೋತನಕ ಇವಳ ಜೊತೆ ಮಾತಾಡಿತು.

"ಎರಡು ವರ್ಷದಿಂದ ಓಡಾಡ್ತೀನಿ, ರೈಲಲ್ಲಿ ಯಾರೂ ನನ್ನ ಮಾತಾಡ್ಸಿರಲಿಲ್ಲ" ಅಂದಳು ಇವಳು, ಅಜ್ಜಿ ಇಳಿದ ಮೇಲೆ.

"ನೀನು ಯಾರನ್ನಾದ್ರೂ ಕರೆದಿದ್ದೇನಮ್ಮ?" ಅಂದೆ. ಅವಳವ್ವ ಇದ್ದಿದ್ರೆ ಇಡೀ ಬೋಗಿಗೇ ಹಂಚಿರೋಳು.

ಬಿಪಿ ಮಾತ್ರೆ ತಪ್ಪಿಸಿಲ್ಲ. ಈಗ ವಾಪಸ್ ರೈಲಿಗೆ ಕಾಯ್ತಾ ಸ್ಟೇಷನ್ನಿನಲ್ಲಿ ಕೂತು ಬರೀತಿದೀನಿ. ಇವಳು ಆ ಕಡೆ ಬೆಂಚಲ್ಲಿ, ಗುರುತಿಲ್ಲದ ಒಂದು ಹುಡುಗಿಗೆ ರೊಟ್ಟಿ ಮುರಿದು ಕೊಡ್ತಾ ಅವಳೆ. ಕರ್ಕೊಂಡು ಬರಲ್ಲಕ್ಕ, ಓದಲಿ. ಇಲ್ಲಿ ಈ ಚಳಿಗಾಲದಲ್ಲಿ ನಾಲ್ಕಕ್ಕೇ ಬೆಳಕು ಹೋಗುತ್ತೆ, ಅಕ್ಷರ ಕಾಣ್ತಿಲ್ಲ.

ನಿನ್ನ ತಮ್ಮ ಮೂರ್ತಪ್ಪ