ಪ್ರಶ್ನಿ ನಿಮಗಲ್ರಿ, ಅಣ್ಣಾರ

ಶಿಗ್ಗಾಂವ
೧೦ ನವೆಂಬರ್ ೨೦೨೪, ರವಿವಾರ

ತಂಗಿ ನೀಲಾಂಬಿಕಾಳಿಗೆ,

ನಿನ್ನ ಅಣ್ಣ ಮಹಾಲಿಂಗಪ್ಪನ ಆಶೀರ್ವಾದ. ಇಲ್ಲಿ ನಾವು ಆರಾಮ ಇದ್ದೇವೆ. ನೀನು ಹೇಗಿದ್ದೀ ಎಂದು ಕೇಳುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ, ಆದರೂ ಕೇಳುತ್ತಿದ್ದೇನೆ. ಆ ಮೀಟಿಂಗು ಮುಗಿದು ಇವತ್ತಿಗೆ ಇಪ್ಪತ್ತಾರು ದಿನ. ತಡವಾಯಿತು, ಸಿಟ್ಟಾಗಬೇಡ. ಗೋವಿನಜೋಳದ ಸುಗ್ಗಿ, ಪೇಟೆಯಲ್ಲಿ ಕಾಲಿಡಲು ಜಾಗವಿಲ್ಲ ಎಂದು ನೆವ ಹೇಳಬಹುದಿತ್ತು. ನಿನ್ನ ಮುಂದೆ ಆ ಸರಕು ಹೋಗುವುದಿಲ್ಲ. ಹನ್ನೊಂದು ಸಲ ಫೋನು ಮಾಡಿದೆ, ನೀನು ಬರಲಿಲ್ಲ. ಹನ್ನೆರಡನೆಯ ಸಲ ನಿಮ್ಮ ಆಸರೆ ಮನೆ ನೋಡಿಕೊಳ್ಳುವ ಮದಿಹಾ ಹೇಳಿದಳು: "ಅಣ್ಣಾರ, ಅಕ್ಕಾರಿಗೆ ಫೋನಿನ್ಯಾಗ ಮಾತಾಡೋ ಮನಸಿಲ್ರಿ. ಪತ್ರ ಬರೀರಿ, ಓದ್ತಾರ."

ಅದಕ್ಕೇ ಬರೆಯುತ್ತಿದ್ದೇನೆ. ಕಾಗುಣಿತ ತಪ್ಪಿದ್ದರೆ ಬೈಗುಳ ನಿನಗೇ ಸೇರಬೇಕು, ಕಲಿಸಿದವಳು ನೀನು. ನಾನು ಚೀಲ ಹೊರುತ್ತಿದ್ದೆ, ನೀನು ಐದನೇ ಇಯತ್ತೆ. ದಿನಾ ಸಂಜೆ ಪಾಟಿ ಹಿಡಿದು ಕೂರಿಸಿ, "ಅಣ್ಣಾ, ಹೆಬ್ಬಟ್ಟ ಒತ್ತಾವ ಅಂಗಡಿ ಹ್ಯಾಂಗ ನಡಸ್ತೀಯೋ?" ಎನ್ನುತ್ತಿದ್ದೆ. ಊರವರು ನನ್ನನ್ನು ಸ್ವಂತ ಬಲದಿಂದ ಮೇಲೆ ಬಂದವನು ಎನ್ನುತ್ತಾರೆ. ನಾನೂ ಬೇಡ ಎಂದಿಲ್ಲ.

ಮನೆಯ ಸುದ್ದಿ. ನಿನ್ನ ವೈನಿ ಹೊನ್ನವ್ವನಿಗೆ ಮೊಣಕಾಲು ನೋವು, ಬಾಯಿಗೇನೂ ಆಗಿಲ್ಲ. ಮಗಳು ಅಂಕಿತಾ ಅಬಲೂರಿನ ಗಂಡನ ಮನೆಯಿಂದ ದೀಪಾವಳಿಗೆ ಬಂದಿದ್ದಳು. "ಸಣ್ಣಜ್ಜಿ ಎಲ್ಲಿ?" ಎಂದು ಅವಳ ಮಗಳು ನಿನ್ನ ಕೋಣೆಯ ಕದ ಬಡಿದು ಬಡಿದು ಸಾಕಾಗಿ ಬಂತು. ಅಂಗಡಿಯ ಗೋಡೆಗೆ ಹೊಸ ಬಣ್ಣ ಹೊಡೆಸಿದೆ. ನೀನು ಬರೆದ ಹೆಸರಿನ ಮೇಲೆಯೇ ಪೇಂಟರು ಬರೆದ. ಅವನ ಅಕ್ಷರಗಳು ಕುಡಿದವರ ಹಾಗೆ ಒಂದರ ಮೇಲೊಂದು ವಾಲಿಕೊಂಡಿವೆ.

ಇನ್ನು ಮೀಟಿಂಗಿನ ಮಾತು. ನೀನು ಬಚ್ಚಲಲ್ಲಿ ಬಿದ್ದು ಕೈ ಮುರಿದುಕೊಂಡ ಮೇಲೆ ಆರು ತಿಂಗಳಿಗೆಂದು ಹತ್ತಿಮತ್ತೂರು ಹಾದಿಯ ಆ ಆಸರೆ ಮನೆಗೆ ಹೋದವಳು. ಅವಧಿ ಮುಗಿಯಿತು, ಕರೆದುಕೊಂಡು ಬರೋಣ ಎಂದು ನಾನು ಬಾಡಿಗೆ ಕಾರು ಮಾಡಿಕೊಂಡೇ ಬಂದಿದ್ದೆ. ಮೊದಲಿನಿಂದ ನಿನ್ನನ್ನು ನೋಡುತ್ತಿರುವ ಮನಸ್ಸಿನ ಕಾಯಿಲೆಯ ಡಾಕ್ಟರು ಕುಳಿತಿದ್ದರು, ಮದಿಹಾ ಕುಳಿತಿದ್ದಳು. ಸರಿ. ಮೂರನೆಯ ಕುರ್ಚಿಯಲ್ಲಿ ನೀನು! ಎಂಟು ವರ್ಷದಲ್ಲಿ ಮೂವತ್ತೊಂದು ಸಲ ದವಾಖಾನೆಗೆ ಹೋಗಿದ್ದೇವೆ. ಪ್ರತಿ ಸಲ ನೀನು ಹೊರಗಿನ ಬಾಕಿನ ಮೇಲೆ, ನಾನು ಒಳಗೆ. ಕೊನೆಗೆ ಎರಡು ನಿಮಿಷ ನಿನ್ನನ್ನು ಕರೆದು ನಾಲಿಗೆ ನೋಡಿ ಕಳಿಸುತ್ತಿದ್ದರು.

ನಾನು ಮದಿಹಾಳ ಕಿವಿಯಲ್ಲಿ, "ಆಕಿನ್ನ ಯಾಕ ಕುಂದರ್ಸೀರಿ? ಆಕಿಗೇನ್ ತಿಳೀತೈತಿ?" ಎಂದೆ. ಅವಳು ಎಲ್ಲರಿಗೂ ಕೇಳುವ ಹಾಗೆ, "ಔಷಧ ಅವರು ತಗೊಳ್ಳೋದ್ರಿ" ಎಂದಳು. ನಿನ್ನ ಪಕ್ಕ ಬಂದು ನಿಂತಿದ್ದ ನಿನ್ನ ಕೋಣೆಯ ಗೆಳತಿ ಶಾಕೀರಾ ಸೆರಗು ಬಾಯಿಗಿಟ್ಟು ನಕ್ಕಳು. ಆ ನಗು ನನಗೆ ಇನ್ನೂ ಚುಚ್ಚುತ್ತದೆ.

ಡಾಕ್ಟರು ಕೇಳಿದರು: "ಗುಳಿಗಿಯಿಂದ ಏನರ ತ್ರಾಸ ಐತೇನು?"

"ಏನೂ ಇಲ್ರಿ ಸಾಹೇಬರ, ಆರಾಮ ಅದಾಳ" ಎಂದೆ. ರೂಢಿ.

"ಪ್ರಶ್ನಿ ನಿಮಗಲ್ರಿ, ಅಣ್ಣಾರ" ಎಂದಳು ಮದಿಹಾ.

ಆಮೇಲೆ ಎಲ್ಲರೂ ನಿನ್ನ ಕಡೆ ತಿರುಗಿದರು. ನಾನು ಗಡಿಯಾರ ನೋಡಿಕೊಂಡೆ. ಮೂರು ನಿಮಿಷ ನೀನು ಬಾಯಿ ತೆರೆಯಲಿಲ್ಲ. ಪೇಟೆಯಲ್ಲಿ ಮೂರು ನಿಮಿಷದಲ್ಲಿ ನಾಲ್ಕು ರಾಶಿ ಕಾಳು ಹರಾಜಾಗಿ ಹೋಗುತ್ತವೆ. ಇವರೆಲ್ಲ ಕೆಲಸವಿಲ್ಲದವರೇ ಎಂದುಕೊಳ್ಳುತ್ತಿದ್ದಾಗ ನೀನು ಹೇಳಿದೆ: "ನನ್ನ ಕೈ ನನ್ನ ಮಾತ ಕೇಳೂದಿಲ್ರಿ. ಬಾಯಿ ತಾನ ಅಗೀತೈತಿ, ಬಾಯಾಗ ಏನೂ ಇರೂದಿಲ್ಲ. ಮಂದಿ ಮುಂದ ಉಣ್ಣಾಕ ನಾಚಿಕಿ ಆಗತೈತಿ. ಅಣ್ಣಗ ಹೇಳೇನಿ."

"ಯಾವಾಗ ಹೇಳಿದ್ದಿ?" ಎಂದು ನಾನು ಜೋರು ಮಾಡಿದೆ.

"ಮೂರು ವರ್ಷದ ಹಿಂದ, ದೀಪಾವಳಿ ಪಾಡ್ಯಾದ ದಿನ. ನೀ ಅಂಗಡಿ ಪೂಜಿ ಮುಗಿಸಿ ಬಂದಿದ್ದಿ. ಕೈಯಾಗ ಬಾಳಿಹಣ್ಣಿದ್ವು. ಮತ್ತ ಮರುವರ್ಷ ಕಾರಹುಣ್ಣಿಮಿಗೆ."

ಡಾಕ್ಟರು ಹಳೆಯ ಕಾಗದಗಳನ್ನು ತಿರುವಿದರು. 'ರೋಗಿಯ ಅಭಿಪ್ರಾಯ' ಎಂಬ ಸಾಲಿನಲ್ಲಿ ಅವರದೇ ಅಕ್ಷರದಲ್ಲಿ ಪ್ರತಿ ಸಲವೂ ಒಂದೇ ಮಾತು: ಅಣ್ಣ ಹೇಳಿದಂತೆ. ಮೂವತ್ತೊಂದು ಸಲ. ಅವರ ಮುಖವೂ ಇಳಿಯಿತು. ಆಮೇಲೆ ಒಂದು ಹಾಳೆಯ ಮೇಲೆ ಬೆರಳಿಟ್ಟರು: "ಇಪ್ಪತ್ತೊಂದನೇ ಇಸವಿ, ಮಾರ್ಚ್ ಒಂಬತ್ತು. 'ರಾತ್ರಿ ನಿದ್ದಿ ಇಲ್ಲ, ಕೂಗಾಟ, ಮನಿ ಮಂದಿ ಜೋಡಿ ಜಗಳ.' ಅವತ್ತ ಗುಳಿಗಿ ಎರಡರಷ್ಟ ಮಾಡೇನಿ. ನೀಲಾಂಬಿಕಾ, ಆವಾಗ ನೀವು ಕೂಗಾಡ್ತಿದ್ರೇನು?"

ನೀನು ನನ್ನ ಕಡೆ ನೋಡಿದೆ. "ನೆನಪಿಲ್ರಿ" ಎಂದೆ.

ಅದನ್ನೇ ಹಿಡಿದು ಹೇಳುತ್ತಿದ್ದೇನೆ, ತಂಗಿ. ನಿನಗೇ ನೆನಪಿಲ್ಲದ್ದನ್ನು ನೆನಪಿಟ್ಟುಕೊಳ್ಳಲು ಒಬ್ಬರು ಬೇಕಲ್ಲ? ಗುಳಿಗೆ ನಿಧಾನವಾಗಿ ಇಳಿಸುತ್ತೇವೆ ಎಂದರು ಡಾಕ್ಟರು. ಕೈ ಸುಧಾರಿಸಬಹುದಂತೆ. ಬಾಯಿ ಅಗಿಯುವುದು ಹೋಗುತ್ತದೆಯೇ ಎಂದದ್ದಕ್ಕೆ, "ಆಗ ಹೇಳಿದ್ರ ಬ್ಯಾರೆ ಇತ್ತು. ಈಗ ಖಾತ್ರಿ ಕೊಡಾಕ ಬರೂದಿಲ್ಲ" ಎಂದರು. ಖಾತ್ರಿಯಿಲ್ಲದ ಕಾಲದಲ್ಲಿ ನಿನಗೆ ಮನೆಯವರು ಬೇಕು.

ಆ ಫಾರ್ಮಿನ ಮಾತಿಗೇ ಬರುತ್ತೇನೆ. ಇನ್ನು ಮುಂದೆ ನಿನ್ನ ಔಷಧದ ಮಾತುಕತೆಯಲ್ಲಿ ಯಾರು ನಿನ್ನ ಜೊತೆ ಕೂರಬೇಕು, ನಿನಗೆ ಹೇಳಲಾಗದಾಗ ಯಾರು ಹೇಳಬೇಕು, ಆ ಹೆಸರನ್ನು ನೀನೇ ಬರೆಯಬೇಕಂತೆ. ನೀನು ಅದರ ಕೆಳಗೆ ನಿನ್ನ ಸಹಿ ಮಾಡಲು ನಾಲ್ಕು ನಿಮಿಷ ತೆಗೆದುಕೊಂಡೆ. ಎಡಗೈಯಿಂದ ಬಲಗೈ ಹಿಡಿದುಕೊಂಡು ಬರೆದೆ. ಮೇಲಿನ ಜಾಗ ಮಾತ್ರ ಖಾಲಿ ಬಿಟ್ಟೆ. ನಾನು ಎದುರಿಗೇ ಕುಳಿತಿದ್ದೆ, ನೀಲಾ! "ಯೋಚನಿ ಮಾಡ್ತೇನ್ರಿ" ಎಂದೆಯಲ್ಲ. ನನ್ನ ಜೊತೆ ಮನೆಗೂ ಬರಲಿಲ್ಲ. ಖಾಲಿ ಕಾರಿನಲ್ಲಿ ಬರುವಾಗ ಡ್ರೈವರು, "ಅಕ್ಕಾರು ಬರ್ಲಿಲ್ಲೇನ್ರಿ?" ಎಂದ. "ಮುಂದಿನ ವಾರ" ಎಂದೆ. ನನಗೆ ಉತ್ತರ ಕೊಡುವುದು ಎಷ್ಟು ಸಲೀಸು ನೋಡು.

ಜನವರಿಯಲ್ಲಿ ಮುಂದಿನ ಮೀಟಿಂಗು. ಅದರೊಳಗೆ ಹೆಸರು ಬರೆದು ಕೊಡಬೇಕು. ಒಡಹುಟ್ಟಿದವನು ಇರುವಾಗ ಬೇರೆಯವರ ಹೆಸರು ಬರೆದರೆ ಜನ ಏನೆಂದಾರು? ಯೋಚಿಸು. ದೇವರು ನಿನಗೆ ಒಳ್ಳೆಯ ನಿದ್ದೆ ಕೊಡಲಿ, ಅನ್ನ ರುಚಿಸಲಿ, ಕೈ ಗಟ್ಟಿಯಾಗಲಿ. ಶಾಕೀರಾಗೂ ಮದಿಹಾಗೂ ನನ್ನ ನಮಸ್ಕಾರ.

ನಿನ್ನ ಅಣ್ಣ,
ಮಹಾಲಿಂಗಪ್ಪ

ತಾ.ಕ.: ಪತ್ರ ಮಡಚಿ ಲಕೋಟೆಗೆ ಹಾಕಿದ್ದೆ. ಅಂಟು ಹಚ್ಚುವ ಮೊದಲು ಮತ್ತೆ ಓದಿದೆ. ನಾನು ಯಾರದ್ದಾದರೂ ಮಾಲು ಕೊಳ್ಳುವಾಗ ಮೇಲಿನ ಹಿಡಿ ನಂಬುವುದಿಲ್ಲ, ರಾಶಿಯ ತಳಕ್ಕೆ ಕೈ ಹಾಕಿ ಕಾಳು ತೆಗೆಯುತ್ತೇನೆ. ಈ ಪತ್ರ ಬರೀ ಮೇಲಿನ ಹಿಡಿ.

ಪಾಡ್ಯದ ದಿನ ನನ್ನ ಕೈಯಲ್ಲಿ ಬಾಳೆಹಣ್ಣಿದ್ದದ್ದು ನೆನಪಿರುವವಳಿಗೆ ಅದೇ ವರ್ಷದ ಮಾರ್ಚ್ ನೆನಪಿಲ್ಲವೇ? ನೀನು ಕೂಗಾಡಿರಲಿಲ್ಲ. ಆ ತಿಂಗಳು ಚೆನ್ನಾಗಿ ಮಲಗುತ್ತಿದ್ದೆ, ಬೆಳಿಗ್ಗೆ ನನಗೆ ಪೇಪರು ಓದಿ ಹೇಳುತ್ತಿದ್ದೆ. ಆದ ತಪ್ಪು ಒಂದೇ. ಫೆಬ್ರುವರಿಯಲ್ಲಿ ಅಂಕಿತಾಳನ್ನು ನೋಡಲು ಹಾನಗಲ್ಲಿನವರು ಬಂದಾಗ ನೀನು ಹೊರಗೆ ಬಂದು, "ಮದಿವಿ ಆದ ಮ್ಯಾಲ ಹುಡುಗಿ ನೌಕರಿ ಬಿಡಬೇಕಂದ್ರ ಈಗ ಹೇಳಿಬಿಡ್ರಿ" ಎಂದೆ. ಆ ಕೋಣೆಯಲ್ಲಿ ಅವತ್ತು ಬುದ್ಧಿಯ ಮಾತು ಆಡಿದವಳು ನೀನೊಬ್ಬಳೇ. ಅವರು ಹೊರಗೆ ಹೋಗಿ, ಆಕೆ ಯಾರು ಎಂದು ಓಣಿಯಲ್ಲಿ ವಿಚಾರಿಸಿದರು. ಮತ್ತೆ ಬರಲಿಲ್ಲ. ಅಬಲೂರಿನವರು ಬರುವುದು ಮಾರ್ಚ್ ಇಪ್ಪತ್ತೊಂದಕ್ಕೆ ಎಂದು ಗೊತ್ತಾಗಿತ್ತು. ಒಂಬತ್ತನೇ ತಾರೀಕು ನಿನ್ನನ್ನು ಬಾಕಿನ ಮೇಲೆ ಕೂರಿಸಿ ಒಳಗೆ ಹೋಗಿ ಆ ಮೂರು ಮಾತು ಹೇಳಿದೆ. ನಿದ್ದೆ, ಕೂಗಾಟ, ಜಗಳ. ಮೂರೂ ಸುಳ್ಳು. ಇಪ್ಪತ್ತೊಂದಕ್ಕೆ ನೀನು ಮೂಲೆಯಲ್ಲಿ ಜೊಲ್ಲು ಒರೆಸಿಕೊಳ್ಳುತ್ತ ಕುಳಿತಿದ್ದೆ. ಬೀಗಿತ್ತಿ, "ಎಷ್ಟ ಶಾಂತ ಅದಾರ ನಿಮ್ಮ ತಂಗಿ" ಎಂದಳು. ನನಗೆ ಸಮಾಧಾನವಾಯಿತು.

ಮದುವೆ ಮುಗಿದ ಮೇಲೆ ಕಡಿಮೆ ಮಾಡಿಸೋಣ ಎಂದುಕೊಂಡಿದ್ದೆ. ಆಮೇಲೆ ಹದಿಮೂರು ಸಲ ಡಾಕ್ಟರ ಮುಂದೆ ಕುಳಿತೆ. ಮನೆ ಶಾಂತವಾಗಿತ್ತು. ಹೇಳಲಿಲ್ಲ. ನೀನು ಕೈ ತೋರಿಸಿದ ದಿನವೂ, "ವಯಸ್ಸಾತಲ್ಲ, ಹಂಗ ಆಗತೈತಿ" ಎಂದೆ. ಆಗ ನಿನಗೆ ನಲವತ್ತೆಂಟು.

ಎಂಟು ವರ್ಷದಲ್ಲಿ ಮೊದಲ ಸಲ ನಿನ್ನನ್ನು ಕೇಳಿದರು. ಆ ಮೊದಲ ಸಲವೂ ನೀನು ನನ್ನ ಮಾನ ಉಳಿಸಲು ಸುಳ್ಳು ಹೇಳಿದೆ.

ಫಾರ್ಮಿನಲ್ಲಿ ನನ್ನ ಹೆಸರು ಬರೆಯಬೇಡ. ಶಾಕೀರಾಳದು ಬರೆ. ಅವಳು ಸರಿಯಾದ ಹೊತ್ತಿಗೆ ನಗುತ್ತಾಳೆ. ಜನವರಿಯಲ್ಲಿ ಡಾಕ್ಟರು ಮತ್ತೆ ಕೇಳಿದರೆ ಈ ಪತ್ರ ಅವರ ಮುಂದಿಡು. ನಾನೇ ಬರೆದದ್ದು ಎನ್ನುವುದಕ್ಕೆ ಕೆಳಗೆ ಇನ್ನೊಮ್ಮೆ ಸಹಿ ಮಾಡಿದ್ದೇನೆ, ನೀನು ಕಲಿಸಿದ ಅಕ್ಷರದಲ್ಲಿ. ಕೈ ನಡುಗಲಿಲ್ಲ.

ಮಹಾಲಿಂಗಪ್ಪ